ಬೋರ್ಡು ಹಾಕಿದ ಅಂಗಡಿ, ಹೆಣ್ಣು ಸಿಗದ ಗಂಡು

ನಮ್ಮ ಕಡೆ ಯಾರಾದರೂ ತಮ್ಮ ಮಾಲು ಚಲೋ ಐತಿ ಎಂದು ತಾವೇ ಹೇಳಿಕೊಂಡರೆ ಜನ ಕೊಳ್ಳಲಿಕ್ಕೆ ಮುಂದೆ ಬರುವುದಿಲ್ಲ, ಹಿಂದೆ ಸರಿಯುತ್ತಾರೆ. ಇಂಥ ಊರುಗಳಲ್ಲಿ ಜಾಹೀರಾತಿನ ಅಂಗಡಿ ಇಟ್ಟವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಇಟ್ಟೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರೂ ಕಡೆ ನನ್ನ ಓಡಾಟ. ಬೋರ್ಡು ಬರೆಸುವುದು, ಗೋಡೆ ಬರೆಸುವುದು, ಟಾಕೀಸಿನಲ್ಲಿ ಸ್ಲೈಡು ಹಾಕಿಸುವುದು, ಆಟೋಕ್ಕೆ ಮೈಕು ಕಟ್ಟಿಕೊಂಡು ಕೂಗುವುದು, ಇವು ನನ್ನ ಕೆಲಸ. ಬರೆಯುವ ಕೈ ಮಾತ್ರ ನನ್ನದಲ್ಲ, ಪೇಂಟರ್ ಚಾಚಾನದು. ಚಾಚಾ ವಯಸ್ಸಿನಲ್ಲಿ ನನಗೆ ಅಪ್ಪನ ಸಮ. ಕನ್ನಡದಲ್ಲಿ ಬರೆಯುತ್ತಿದ್ದ, ಉರ್ದುವಿನಲ್ಲಿ ಬೈಯುತ್ತಿದ್ದ.

ಅಂಗಡಿ ಇದ್ದದ್ದು ಹಾವೇರಿ ಸ್ಟೇಶನ್ನಿನ ಸಮೀಪ, ‘ಸಾಹೇಬರ ಸಾಲು’ ಎಂದು ನಾವು ಕರೆಯುತ್ತಿದ್ದ ಕಲ್ಲಿನ ಮಳಿಗೆಗಳಲ್ಲಿ. ಬ್ರಿಟಿಷರ ಕಾಲಕ್ಕೆ ರೈಲು ಬಂದಾಗ ಬಿಳಿ ಸಾಹೇಬರ ಅನುಕೂಲಕ್ಕೆಂದು ಕಟ್ಟಿದ್ದಂತೆ. ಸಾಹೇಬರು ಹೋದರೂ ಅವರ ಕಾಲದ ಜಾಹೀರಾತುಗಳು ಗೋಡೆಗಳ ಮೇಲೆ ಮಸುಕಾಗಿ ಉಳಿದಿದ್ದವು. ಒಂದು ಕಡೆ ಸೋಡಾ ಕಾರ್ಖಾನೆ, ಒಂದು ಕಡೆ ಇಂಗ್ಲಿಷ್ ಕೋಟು ಹೊಲಿಯುವ ದರ್ಜಿ, ಮತ್ತೊಂದು ಕಡೆ ಹ್ಯಾಟು ತೊಳೆದು ಕೊಡುವವನು. ಹ್ಯಾಟು ತೊಳೆಯುವವನು ಯಾವಾಗಲೋ ಸತ್ತಿದ್ದ, ತೊಳೆಸಿಕೊಳ್ಳುವ ಹ್ಯಾಟೂ ಊರಲ್ಲಿ ಉಳಿದಿರಲಿಲ್ಲ. ಆದರೂ ಜನ ಆ ಹಳೆಯ ಅಕ್ಷರಗಳನ್ನು ನಂಬಿದಷ್ಟು ನನ್ನ ಹೊಸ ಅಕ್ಷರಗಳನ್ನು ನಂಬುತ್ತಿರಲಿಲ್ಲ. ನಮ್ಮ ಸಾಲಿನ ಚಹದಂಗಡಿಯವನನ್ನು ಒಮ್ಮೆ ಕೇಳಿದೆ. ಅವನು, “ಮುಚ್ಚಿದ ಅಂಗಡಿ ಯಾರಿಗೆ ಮೋಸ ಮಾಡತೈತ್ರಿ?” ಎಂದ.

ವ್ಯಾಪಾರದ ಮಾತು ಹಾಗಿರಲಿ, ಇದೇ ಸಂಶಯದ ದೆಸೆಯಿಂದ ನನಗೆ ಹೆಣ್ಣು ಸಿಗುತ್ತಿರಲಿಲ್ಲ. ಅವ್ವ ನೋಡದ ಸಂಬಂಧವಿಲ್ಲ. ಎಲ್ಲ ಕಡೆಯೂ ಒಂದೇ ಪ್ರಶ್ನೆ, “ಹುಡುಗ ಏನ ಮಾಡ್ತಾನ?” ಅವ್ವ, “ಪ್ರಚಾರ ಮಾಡ್ತಾನ್ರಿ” ಎನ್ನುತ್ತಿದ್ದಳು. “ಅಂದ್ರ ಮಂದಿ ಸುಳ್ಳನ್ನ ತಾ ಹೇಳ್ತಾನ” ಎಂದು ಅವರು ಎಲೆಅಡಿಕೆ ತಟ್ಟೆಯನ್ನು ಮುಂದೆ ಸರಿಸುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು ಎಂದರ್ಥ. ಮನೆಗೆ ಬಂದ ಮೇಲೆ ಅವ್ವ ಅಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

೧. ಗೋಡೆಗೆ ಮುಖ ಮಾಡಿದ ಬೋರ್ಡು

ರಾಣೆಬೆನ್ನೂರಿನಲ್ಲಿ ಒಬ್ಬ ಅಕ್ಕನ ಖಾನಾವಳಿ ಇತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಚಟ್ನಿ. ಮಧ್ಯಾಹ್ನ ಕುಳಿತುಕೊಳ್ಳಲು ಜಾಗ ಸಿಗುತ್ತಿರಲಿಲ್ಲ. ಬೋರ್ಡು ಮಾತ್ರ ಇರಲಿಲ್ಲ.

“ಅಕ್ಕಾರ, ಇಷ್ಟ ಚಲೋ ಊಟಾ ಹಾಕ್ತೀರಿ, ಹೊರಗಿನ ಮಂದಿಗೆ ಹೆಂಗ ಗೊತ್ತಾಗಬೇಕು? ಒಂದು ಬೋರ್ಡು ಬರಸ್ರಿ” ಎಂದೆ.

“ರೊಟ್ಟಿ ಬಡಿಯೋ ಸಪ್ಪಳ ಕೇಳಂಗಿಲ್ಲೇನು ಅವರಿಗೆ? ಅದ ನಮ್ಮ ಬೋರ್ಡು” ಎಂದಳು ಅಕ್ಕ.

ನಾನು ಬಿಡಲಿಲ್ಲ. ಬೆನ್ನು ಹತ್ತಿ ಒಪ್ಪಿಸಿದೆ. ಚಾಚಾ ಹಸಿರು ಬಣ್ಣದಲ್ಲಿ ‘ಶುಚಿ ರುಚಿಯಾದ ಊಟ’ ಎಂದು ಚೆಂದವಾಗಿ ಬರೆದ. ಬೋರ್ಡು ತೂಗುಹಾಕಿದ ದಿನವೇ ಬಾಗಿಲಲ್ಲಿ ಜನ ನಿಂತರು, ಒಳಗೆ ಬರಲಿಲ್ಲ.

“ಶುಚಿ ಅಂತ ಯಾಕ ಬರಸ್ಯಾರ? ಇಷ್ಟ ದಿನಾ ಶುಚಿ ಇರಲಿಲ್ಲೇನು?” ಎಂದು ಒಬ್ಬ.

“ಮಾಲಕರು ಬದಲ್ಯಾರ ಕಾಣಸ್ತೈತಿ” ಎಂದು ಇನ್ನೊಬ್ಬ.

ವಾರದೊಳಗೆ ಅರ್ಧ ಗಿರಾಕಿಗಳು ಮಾಯ. ಅಕ್ಕ ಲಟ್ಟಣಿಗೆ ಹಿಡಿದುಕೊಂಡೇ ನನ್ನ ಹತ್ತಿರ ಮಾತಾಡಿದಳು. ನಾನು ತಕ್ಷಣ ಬೋರ್ಡು ಇಳಿಸಿದೆ. ಆಗ ಉಳಿದ ಅರ್ಧವೂ ಹೋಯಿತು. “ಹಾಕಿದ ಬೋರ್ಡು ಕಿತ್ತಾರಂದ್ರ ಒಳಗ ಏನೋ ಆಗೈತಿ” ಎಂದು ಸುದ್ದಿ.

ಹಾಕಿದರೂ ಕಷ್ಟ, ತೆಗೆದರೂ ಕಷ್ಟ. ಕೊನೆಗೆ ಚಾಚಾ ಏಣಿ ಹತ್ತಿ ಬೋರ್ಡನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ. ಹೊರಗೆ ಬರೀ ತಗಡು. ದಾರಿಯಲ್ಲಿ ಹೋಗುವವರಿಗೆ ತಡೆಯಲಾಗಲಿಲ್ಲ. ಒಬ್ಬೊಬ್ಬರೇ ಬಂದು, ಅತ್ತಿತ್ತ ನೋಡಿ, ಬೋರ್ಡನ್ನು ಸ್ವಲ್ಪ ಎತ್ತಿ ಹಿಂದೆ ಇಣುಕಿ ಓದಿಕೊಂಡು ಹೋದರು. ಮರುದಿನದಿಂದ ಊಟಕ್ಕೆ ನೂಕುನುಗ್ಗಲು. ಇಬ್ಬರು ಮುದುಕರು ಕೈ ತೊಳೆಯುತ್ತ ಮಾತಾಡುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. “ಯಾರಿಗೂ ಹೇಳಬ್ಯಾಡ, ಇಲ್ಲಿ ಊಟ ಶುಚಿ ಇರತೈತಂತ. ಪಾಪ, ಮುಚ್ಚಿಟ್ಟಾರ.”

೨. ಯಾರು ಹೋದರು?

ಮೈಕಿನ ಕೆಲಸದಲ್ಲಿ ಬಟ್ಟೆ ಅಂಗಡಿಯವರಿಗಿಂತ ನನ್ನನ್ನು ಹೆಚ್ಚು ಕರೆಯುತ್ತಿದ್ದದ್ದು ಸಾವಿನ ಮನೆಯವರು. ಹಿರಿಯರು ಯಾರಾದರೂ ತೀರಿಕೊಂಡರೆ ಆಟೋದಲ್ಲಿ ಕುಳಿತು ಓಣಿ ಓಣಿ ಹೇಳಿಕೊಂಡು ಬರಬೇಕು. ನನ್ನ ದನಿ ಸ್ವಲ್ಪ ದಪ್ಪ. ದುಃಖಕ್ಕೆ ಚೆನ್ನಾಗಿ ಒಪ್ಪುತ್ತದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಒಂದು ದಿನ ಬೆಳಿಗ್ಗೆ ಹಾವೇರಿಯಲ್ಲಿ ಒಂದು ಸಾವಿನ ಸುದ್ದಿ ಹೇಳಿ ಮುಗಿಸಿದೆ. ಮಧ್ಯಾಹ್ನ ಅದೇ ಆಟೋ, ಅದೇ ದನಿ, ಒಬ್ಬ ಬಟ್ಟೆ ವ್ಯಾಪಾರಿಯ ಹೊಸ ಅಂಗಡಿಯ ಪ್ರಚಾರ. “ನಗರದ ಸುಪ್ರಸಿದ್ಧ ಬಟ್ಟೆ ವ್ಯಾಪಾರಿಗಳಾದ” ಎಂದು ಶುರುಮಾಡಿ ಅವರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಆಟೋ ಓಣಿ ತಿರುಗಿಬಿಡುತ್ತಿತ್ತು, ಅಂಗಡಿಯ ಮಾತು ಮುಂದಿನ ಓಣಿಗೆ ಹೋಗುತ್ತಿತ್ತು. ಹಿಂದಿನ ಓಣಿಯವರಿಗೆ ಅಷ್ಟು ಸಾಕಾಯಿತು. ಸ್ವಲ್ಪ ಹೊತ್ತಿನಲ್ಲಿ ವ್ಯಾಪಾರಿಯ ಬೀಗರು, ನೆಂಟರು ಹೂವಿನ ಮಾಲೆ ಹಿಡಿದುಕೊಂಡು ಅಳುತ್ತ ಹೊಸ ಅಂಗಡಿಗೆ ಬಂದರು. ವ್ಯಾಪಾರಿ ಗಾದಿಯ ಮೇಲೆ ಕುಳಿತು ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ಬೀಗರು ಕಣ್ಣೊರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಗಿರಾಕಿ ಕರಸಾಕ ಇಷ್ಟ ಮಾಡಬೇಕಾ ನೀವು?” ಎಂದರು. ಆದರೂ ತಂದ ಮಾಲೆ ಹಾಳಾಗಬಾರದೆಂದು ಅವನ ಕೊರಳಿಗೇ ಹಾಕಿ ಹೋದರು.

ಅದಾದ ಮೇಲೆ ಊರಲ್ಲಿ ನಾನು ಬಾಯಿ ತೆರೆದರೆ ಜನ ಎದೆ ಹಿಡಿದುಕೊಳ್ಳುತ್ತಿದ್ದರು. ಅದೇ ತಿಂಗಳು ಅವ್ವ ಒಂದು ಹೆಣ್ಣು ನೋಡಲು ಕರೆದುಕೊಂಡು ಹೋದಳು. ಎಲ್ಲ ಚೆನ್ನಾಗಿತ್ತು. ಅವಲಕ್ಕಿ ಬಂತು, ಹುಡುಗಿ ಬಂದು ಕುಳಿತಳು. ನಾನು ಮರ್ಯಾದೆಯಿಂದ, “ಎಲ್ಲಾರೂ ಆರಾಮಿದ್ದೀರಿ?” ಎಂದೆ, ಅಷ್ಟೇ. ಒಳಗಿನ ಕೋಣೆಯಿಂದ ಹುಡುಗಿಯ ಅಜ್ಜಿ ಗಾಬರಿಯಿಂದ ಕೇಳಿದಳು, “ಅಯ್ಯ ಶಿವನ, ಯಾರು ಹೋದ್ರವಾ?”

ಎಲೆಅಡಿಕೆ ತಟ್ಟೆ ಮುಂದೆ ಸರಿಯಿತು.

೩. ಸಾಹೇಬರ ಕಾಲದ ಹಲ್ಲು

ನಮ್ಮ ಮಳಿಗೆಯ ಪಕ್ಕದ ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತು ಬರೆಯಬೇಕಿತ್ತು. ಚಾಚಾ ಹಳೆಯ ಸುಣ್ಣ ಕೆರೆಯುತ್ತ ಹೋದ ಹಾಗೆ ಒಳಗಿನಿಂದ ಕೆಂಪು ಒಸಡಿನ, ಬಿಳಿ ಹಲ್ಲಿನ ಒಂದು ದೊಡ್ಡ ನಗು ಹೊರಬಂತು. ಕೆಳಗೆ ಅಕ್ಷರಗಳು: ‘ನೋವಿಲ್ಲದಂತೆ ಹಲ್ಲು ತೆಗೆಯಲಾಗುವುದು’. ಸಾಹೇಬರ ಕಾಲದಲ್ಲಿ ನಮ್ಮ ಮಳಿಗೆಯಲ್ಲೇ ಹಲ್ಲು ಕೀಳುವವನು ಇದ್ದನೆಂದು ಆಗಲೇ ನಮಗೆ ತಿಳಿದದ್ದು. ಬಣ್ಣ ಸಾಲದೆ ಚಾಚಾ ಕೆಲಸ ಅಲ್ಲಿಗೇ ಬಿಟ್ಟು ಹುಬ್ಬಳ್ಳಿಗೆ ಹೋದ. ಗೋಡೆ ಹಾಗೇ ನಗುತ್ತ ನಿಂತಿತು.

ಮರುದಿನ ನಾನು ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಐರಣಿ ಹಳ್ಳಿಯ ಒಬ್ಬ ಅಜ್ಜ ಕುಳಿತಿದ್ದ. ಗಲ್ಲ ಬಾತಿತ್ತು, ತಲೆಗೂ ಗದ್ದಕ್ಕೂ ಸೇರಿಸಿ ಟವೆಲು ಕಟ್ಟಿಕೊಂಡಿದ್ದ.

“ಅಜ್ಜಾ, ನಾವು ಹಲ್ಲ ಕೀಳಂಗಿಲ್ಲ. ಬೋರ್ಡು ಬರಿಯಾವರು” ಎಂದೆ.

“ಹಂಗಂದ್ರ ಗ್ವಾಡಿ ಮ್ಯಾಲೆ ಬರದದ್ದು ಸುಳ್ಳೇನು?”

“ಅದು ಸಾಹೇಬರ ಕಾಲದ್ದು, ಅಜ್ಜಾ.”

“ಅದಕ್ಕ ಬಂದೇನಿ. ಸಾಹೇಬರ ಕಾಲದ್ದು ಸುಳ್ಳ ಇರಂಗಿಲ್ಲ. ನೀನ ಸುಳ್ಳ ಹೇಳಾಕತ್ತಿ. ನನ್ನ ಧೋತರ ಮಾಸಿದ್ದು ನೋಡಿ ಹಿಂದಕ್ಕ ಕಳಸಾಕತ್ತಿ.”

ಸರಕಾರಿ ದವಾಖಾನೆಗೆ ಹೋಗು, ಅಲ್ಲಿ ಖರೇ ಹಲ್ಲಿನ ಡಾಕ್ಟರ್ ಇದ್ದಾರೆ ಎಂದೆ. ನಾನೇ ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿದೆ. ಅಜ್ಜ ಬಾತ ಗಲ್ಲದಲ್ಲೇ ಮೂಗು ಮುರಿದ. “ಅಲ್ಲಿಗೆ ಹೋಗಿದ್ದೆ. ಅವರ ಬೋರ್ಡು ಇನ್ನಾ ಬಣ್ಣ ನಾರತೈತಿ. ನಿನ್ನೆ ಮೊನ್ನೆ ಬಂದವರ ಕೈಯಾಗ ಹಲ್ಲ ಕೊಡಲೇನು?”

ಅಷ್ಟರಲ್ಲಿ ಚಾಚಾ ಹುಬ್ಬಳ್ಳಿಯಿಂದ ಬಂದ. “ಬಾಯಿ ತಗೀರಿ ನೋಡೂಣು” ಎಂದ, ಸುಮ್ಮನೆ ಕುತೂಹಲಕ್ಕೆ. ಹಲ್ಲು ಆಗಲೇ ಗಾಳಿಗೆ ಅಲ್ಲಾಡುತ್ತಿತ್ತು. ಅಕ್ಷರದ ಗೆರೆ ಹೊಡೆಯಲು ಜೇಬಿನಲ್ಲಿ ಇಟ್ಟುಕೊಂಡಿದ್ದ ದಾರವನ್ನು ಚಾಚಾ ಅದಕ್ಕೆ ಸುತ್ತಿದ. ಬೇಡ ಚಾಚಾ ಎಂದು ನಾನು ಕೈ ಹಿಡಿಯಲು ಹೋದೆ. ನಾನು ಹಿಡಿದು ಎಳೆದದ್ದಕ್ಕೋ ಅವನೇ ಎಳೆದದ್ದಕ್ಕೋ, ಹಲ್ಲು ಬಂದು ಬಣ್ಣದ ಡಬ್ಬಿಯಲ್ಲಿ ಬಿತ್ತು.

ಅಜ್ಜ ಒಂದು ಸಲ ಸ್ಟೇಶನ್ನಿಗೆ ಕೇಳುವಂತೆ ಚೀರಿ, ಆಮೇಲೆ ಸುಧಾರಿಸಿಕೊಂಡು ಬಾಯಿ ಮುಕ್ಕಳಿಸಿದ. ನನ್ನ ಕಡೆ ತಿರುಗಿ, “ನೋಡಿದಿ? ಕೀಳಂಗಿಲ್ಲ ಅಂದಿ” ಎಂದ. ಹೊರಡುವಾಗ ಗೋಡೆಯನ್ನು ಇನ್ನೊಮ್ಮೆ ಓದಿದ. “ನೋವಿಲ್ಲ ಅಂತ ಬರದಾರ, ನೋವಾತು. ಏನ ಮಾಡೂದು, ಸಾಹೇಬರು ಹೋದ ಮ್ಯಾಲೆ ಎಲ್ಲಾ ಕೆಟ್ಟೈತಿ.”

೪. ಬ್ಯಾಡಗಿಯ ಕಣ್ಣೀರು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ. ಅಲ್ಲಿ ಹೊಸಬರು ಸೀನುತ್ತ ಒಳಗೆ ಹೋಗಿ ಸೀನುತ್ತ ಹೊರಗೆ ಬರುತ್ತಾರೆ. ಒಬ್ಬ ದೊಡ್ಡ ವ್ಯಾಪಾರಿಯ ಗೋಡೆ ರಸ್ತೆಗೆ ಮುಖ ಮಾಡಿ ಖಾಲಿ ನಿಂತಿತ್ತು. ವ್ಯಾಪಾರಿಯದು ಬಿಳಿ ಧೋತರ, ಕರಿ ಟೊಪ್ಪಿಗೆ. ಬೆರಳ ತುದಿಗಳು ಮಾತ್ರ ಮೆಣಸಿನಕಾಯಿ ಹಿಡಿದು ಹಿಡಿದು ಕೆಂಪಾಗಿದ್ದವು. ನಾನು ಸೀನುಗಳ ನಡುವೆ ಜಾಗ ಮಾಡಿಕೊಂಡು ಜಾಹೀರಾತಿನ ಲಾಭಗಳನ್ನೆಲ್ಲ ಹೇಳಿದೆ. ಆತ ಪೂರ್ತಿ ಕೇಳಿಸಿಕೊಂಡ.

“ಬಾ ಇಲ್ಲೆ. ಈ ಚೀಲ ನೋಡು. ಕಾಯಿ ಹೆಂಗ ಅದಾವ?”

ಚೀಲದ ಬಾಯಲ್ಲಿ ಕಡುಗೆಂಪು ಕಾಯಿ ಥಳಥಳ ಎನ್ನುತ್ತಿದ್ದವು. “ಭಾಳ ಚಲೋ ಅದಾವ್ರಿ ಸಾವಕಾರ್ರ” ಎಂದೆ.

“ಈಗ ಕೈ ಹಾಕು. ಇನ್ನಾ ಒಳಗ. ಇನ್ನಾ ತಳಕ್ಕ.”

ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ತೆಗೆದೆ. ಸಣಕಲು, ಬಿಳಿಚಿದ ಕಾಯಿ.

“ಮ್ಯಾಲಿನ ಕಾಯಿ ಮಾರಾವ ಇಟ್ಟದ್ದು, ತಳದ ಕಾಯಿ ದೇವರು ಕೊಟ್ಟದ್ದು. ನಾ ಮ್ಯಾಲಿನ ಕಾಯಿ ಮುಟ್ಟಂಗೂ ಇಲ್ಲ. ನಿಮ್ಮ ಬೋರ್ಡು ಐತೆಲ್ಲ, ಅದು ಮ್ಯಾಲಿನ ಕಾಯಿ. ನನಗ ಬ್ಯಾಡ, ಹೋಗಿ ಬಾ” ಎಂದ.

ಮಾತು ನನಗೆ ನಾಟಿತು. ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದೆ. ಒರೆಸಿಕೊಂಡದ್ದು ಚೀಲದಲ್ಲಿ ಹಾಕಿದ ಕೈಯಿಂದ. ಎರಡೂ ಕಣ್ಣು ಹೊತ್ತಿಕೊಂಡವು. ಧಾರಾಕಾರ ಕಣ್ಣೀರು ಸುರಿಸುತ್ತ ಬೀದಿಯಲ್ಲಿ ತಡವರಿಸುತ್ತಿದ್ದರೆ ಎದುರಿನ ಅಂಗಡಿಯವನು ಓಡಿ ಬಂದು ನನ್ನ ತೋಳು ಹಿಡಿದ.

“ಆ ಮನಷ್ಯಾ ಯಾರಿಗೂ ಹ್ಞೂಂ ಅನ್ನಂಗಿಲ್ಲ. ಅದಕ್ಕ ಇಷ್ಟ ಅಳಬಾರದು ತಮ್ಮಾ. ನನ್ನ ಗ್ವಾಡಿ ಬರಿ, ಸುಮ್ಮನಾಗು” ಎಂದ.

ಆ ವರ್ಷ ಬ್ಯಾಡಗಿಯಲ್ಲಿ ನನಗೆ ಸಿಕ್ಕ ದೊಡ್ಡ ಕೆಲಸ ಅದೇ.

೫. ಚೀಲದ ತಳ

ಕೊನೆಗೂ ಒಂದು ಸಂಬಂಧ ಕೂಡಿ ಬರುವ ಹಾಗೆ ಕಂಡಿತು. ಮಧ್ಯಸ್ಥಿಕೆ ವಹಿಸಿದವರು ನಮ್ಮ ದೂರದ ಸೋದರಮಾವ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಲೆಕ್ಕ ತಪ್ಪದೆ ಪಾಲಿಸುವವರು. “ಹುಡುಗಿ ಬ್ಯಾಡಗಿಯಾಕಿ, ಅಪ್ಪ ಮೆಣಸಿನಕಾಯಿ ವ್ಯಾಪಾರಿ” ಎಂದರು. ಬ್ಯಾಡಗಿಯಲ್ಲಿ ಯಾವ ಕಡೆ ಕಲ್ಲು ಎಸೆದರೂ ಮೆಣಸಿನಕಾಯಿ ವ್ಯಾಪಾರಿಗೇ ತಾಗುತ್ತದೆ. ನನಗೇನೂ ಅನುಮಾನ ಬರಲಿಲ್ಲ.

ಹುಡುಗಿಯ ಫೋಟೋ ನೋಡಿದೆ. ನೋಡಿದ ಮೇಲೆ ನನಗೆ ಈ ಸಂಬಂಧ ತಪ್ಪಬಾರದು ಎನ್ನಿಸಿತು. ಅದನ್ನು ಅವ್ವನಿಗೆ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಾಯಿತು.

ಅಮಾವಾಸ್ಯೆ ಕಳೆದ ಮೇಲೆ ಹುಡುಗಿಯ ಅಪ್ಪ ವಿಚಾರಿಸಲು ಬರುತ್ತಾರೆ ಎಂದು ಸೋದರಮಾವ ಹೇಳಿದ್ದೇ ತಡ, ಅವ್ವ ನನ್ನ ದಂಧೆಯನ್ನು ತಾನೇ ಶುರುಮಾಡಿದಳು. ಸೋದರಮಾವನಿಂದ ಅವರ ಗುರುತು ಕೇಳಿಕೊಂಡು, ಸಾಹೇಬರ ಸಾಲಿನ ಒಂದೊಂದು ಅಂಗಡಿಗೂ ಹೋಗಿ, “ಬಿಳಿ ಧೋತರ, ಕರಿ ಟೊಪ್ಪಿಗಿಯವರು ಬಂದು ನನ್ನ ಮಗನ ಬಗ್ಗೆ ಕೇಳಿದ್ರ ಚಲೋ ಮಾತಾಡ್ರಿ” ಎಂದು ಬೇಡಿಕೊಂಡು ಬಂದಳು. ಎಲ್ಲರೂ ಒಪ್ಪಿದರು. ಚಹದಂಗಡಿಯವನು ಏನು ಹೇಳಬೇಕೆಂದು ಬಾಯಿಪಾಠ ಕೂಡ ಮಾಡಿದ.

ಅಮಾವಾಸ್ಯೆಗೆ ಇನ್ನೂ ಎರಡು ದಿನ ಇರುವಾಗಲೇ ಒಬ್ಬ ಮನುಷ್ಯ ಸಾಲಿಗೆ ಬಂದ. ಬೂದಿ ಬಣ್ಣದ ಸಫಾರಿ, ಕಂಕುಳಲ್ಲಿ ರೆಗ್ಜಿನ್ ಚೀಲ, ಬೋಳು ತಲೆ. ಆ ಕಾಲದಲ್ಲಿ ಸಫಾರಿ ಹಾಕಿ ಕಂಕುಳಲ್ಲಿ ಚೀಲ ಇಟ್ಟುಕೊಂಡು ಅಂಗಡಿಗಳ ಮುಂದೆ ನಿಧಾನ ನಡೆಯುವವನು ಎಂದರೆ ಒಬ್ಬನೇ, ಸೇಲ್ಸ್ ಟ್ಯಾಕ್ಸ್ ಸಾಹೇಬ. ಇಡೀ ಸಾಲಿಗೆ ಒಮ್ಮೆಲೇ ಜ್ವರ ಬಂತು. ನಾನು ಊರಲ್ಲಿ ಕೂಗಲು ಹೋಗಿದ್ದೆ. ಮುಂದೆ ನಡೆದದ್ದನ್ನು ಸಾಲಿನವರೇ ಆಮೇಲೆ ಹೆಮ್ಮೆಯಿಂದ ನನಗೆ ವರದಿ ಮಾಡಿದರು.

ಸಫಾರಿಯವನು ಮೊದಲು ಚಹದಂಗಡಿಯಲ್ಲಿ ಕೇಳಿದ, “ಇಲ್ಲಿ ಪ್ರಚಾರದ ಹುಡುಗ ಅದಾನಲ್ಲ, ಹೆಂಗ ಅವ?”

“ಯಾವ ಹುಡುಗ್ರಿ? ಇಲ್ಲಿ ಅಂಥಾವ ಯಾರೂ ಇಲ್ಲ.”

“ಮತ್ತ ಆ ಬೋರ್ಡು?”

“ಅದು ಸಾಹೇಬರ ಕಾಲದ್ದರಿ.”

“ಬಣ್ಣ ಇನ್ನಾ ಹಸೀ ಐತಿ?”

“ಮೊನ್ನೆ ಮಳಿಗೆ ತೊಯ್ದೈತ್ರಿ.”

ಸಫಾರಿಯವನು ನಮ್ಮ ಮಳಿಗೆಗೇ ಬಂದ. ಚಾಚಾ ಒಬ್ಬನೇ ಇದ್ದ. ಬಂದವನನ್ನು ನೋಡಿದ ಕೂಡಲೇ ನನ್ನನ್ನು ಹೇಗಾದರೂ ಉಳಿಸಬೇಕೆಂದು ಅವನು ತೀರ್ಮಾನಿಸಿಬಿಟ್ಟ.

“ದಂಧಾ? ಎಲ್ಲಿ ದಂಧಾ ಸಾಹೇಬ್ರ? ಇವನ ಮಾತು ಒಬ್ಬರೂ ನಂಬಂಗಿಲ್ಲ. ಕುಡ್ಯಾಕ ರೊಕ್ಕಾ ಇಲ್ಲ, ಕುಡ್ಯಂಗಿಲ್ಲ. ಇಸ್ಪೀಟ ಆಡಾಕ ಯಾರೂ ಕರಿಯಂಗಿಲ್ಲ, ಇವನ ಮಾರಿ ನೋಡಿದ್ರ ಕೈಯಾಗಿನ ಎಲಿ ಗೊತ್ತಾಗತಾವ. ಸುಳ್ಳ ಹೇಳಾಕ ಹೋದ್ರ ಕಿವಿ ಕೆಂಪಗಾಗತಾವ. ಇಂಥಾವ ಏನ ಗಳಸ್ತಾನ? ಅವರವ್ವ ಬೈದ್ರ ಸುಮ್ಮನ ತಲಿ ತಗ್ಗಿಸಿ ಕುಂದರತಾನ. ನಿರುಪಯೋಗಿ.”

ಅದೇ ಹೊತ್ತಿಗೆ ಐರಣಿಯ ಅಜ್ಜ ಇನ್ನೊಂದು ಹಲ್ಲು ಹಿಡಿದುಕೊಂಡು ಬಂದ. ಅವನನ್ನೂ ಕೇಳಿದರೆ, “ಆ ಹುಡುಗ ಏನ್ರಿ? ಡಾಕ್ಟರ್ ಅಲ್ಲ ಅಂತ ತಾನ ಹೇಳ್ತಾನ, ಹಲ್ಲೂ ಕೀಳಸ್ತಾನ. ತಿಳಿವಲ್ದು” ಎಂದ.

ಆಗ ನಾನು ಬಂದೆ. ಸಫಾರಿ ನೋಡಿ ನಾನೂ ಟ್ಯಾಕ್ಸ್ ಸಾಹೇಬನೆಂದೇ ತಿಳಿದೆ. ಆದರೆ ಚೀಲ ಹಿಡಿದ ಬೆರಳುಗಳ ತುದಿಗಳು ಕೆಂಪಗಿದ್ದವು. ಟೊಪ್ಪಿಗೆ ಇಲ್ಲದಿದ್ದರೂ ಗುರುತು ಸಿಕ್ಕಿತು. ಬ್ಯಾಡಗಿಯ ಸಾವಕಾರರು ಕೊನೆಗೂ ಗೋಡೆ ಬರೆಸಲು ಬಂದಿದ್ದಾರೆ ಎಂದುಕೊಂಡೆ. ಅವರೂ ಹಾಗೇ ಕೇಳಿದರು.

“ಬೋರ್ಡು ಬರಸಿದ್ರ ಖರೇನ ವ್ಯಾಪಾರ ಹೆಚ್ಚಾಗತೈತೇನು?”

ಹ್ಞೂಂ ಎನ್ನಬೇಕು ಎಂದು ಬಾಯಿ ತೆರೆದೆ. ಕಿವಿ ಬಿಸಿಯಾಯಿತು. ರಾಣೆಬೆನ್ನೂರಿನ ಅಕ್ಕನ ಲಟ್ಟಣಿಗೆ ಕಣ್ಣ ಮುಂದೆ ಬಂತು. “ನಿಮಗ ಬ್ಯಾಡ್ರಿ ಸಾವಕಾರ್ರ. ನಾ ಬೋರ್ಡು ಬರಸಿದ ಖಾನಾವಳಿ ಮುಚ್ಚೂ ಹಂಗಾಗಿತ್ತು. ಅದನ್ನ ಗ್ವಾಡಿಗೆ ಮುಖ ಮಾಡಿ ಹಾಕಿದ ಮ್ಯಾಲೆ ನಡೀತು” ಎಂದೆ.

ಅವರು ಚಹ ಕೂಡ ಕುಡಿಯದೆ ಎದ್ದು ಹೋದರು.

ಸಂಜೆ ಅವ್ವ ಬಂದಾಗ ಚಹದಂಗಡಿಯವನು ಎದೆಯುಬ್ಬಿಸಿ ಹೇಳಿದ, “ಟ್ಯಾಕ್ಸ್ ಸಾಹೇಬ ಬಂದಿದ್ದ ಬೇ. ನಾವೆಲ್ಲಾ ಕೂಡಿ ನಿನ್ನ ಮಗನ್ನ ಉಳಿಸಿದ್ವಿ.” ನಾನು ನಕ್ಕು, “ಟ್ಯಾಕ್ಸ್ ಅಲ್ಲ, ಅವರು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ” ಎಂದೆ. ಎಂದ ಮೇಲೆ ನಾನು ಹೇಳಿದ್ದು ನನಗೇ ಕೇಳಿಸಿತು. ಅವ್ವ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಚಾಚಾ ಬ್ರಶ್ ಕೆಳಗಿಟ್ಟು ತಲೆಗೆ ಕೈ ಹಚ್ಚಿದ. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋಟೋ ನನ್ನ ಜೇಬಿನಲ್ಲೇ ಇತ್ತು. ಅದನ್ನು ಹಿಂದಕ್ಕೆ ಕೊಡಬೇಕಲ್ಲ ಎಂದು ಬಹಳ ಸಂಕಟವಾಯಿತು.

ಅಮಾವಾಸ್ಯೆ ಕಳೆದ ಮೇಲೆ ಸೋದರಮಾವ ಬಂದರು. ಮುಖದಲ್ಲಿ ಗೊಂದಲ. “ಒಪ್ಪ್ಯಾರ. ಯಾಕ ಒಪ್ಪ್ಯಾರ ನನಗೂ ತಿಳಿವಲ್ದು” ಎಂದರು.

ನಿಶ್ಚಯದ ದಿನ ಸಾವಕಾರರು ಎಲ್ಲರ ಎದುರು ತಾವೇ ಹೇಳಿದರು. “ಇದಕ್ಕಿಂತ ಮೊದಲ ನೋಡಿದ ಹುಡುಗೋರನ್ನೆಲ್ಲಾ ಊರಿಗೆ ಊರ ಹೊಗಳತಿತ್ತು. ಎಲ್ಲಾ ಮ್ಯಾಲಿನ ಕಾಯಿ. ಅದಕ್ಕ ಈ ಸಲ ಧೋತರ ಬಿಟ್ಟು ಸಫಾರಿ ಹಾಕ್ಕೊಂಡು, ಹೇಳಿದ ದಿನಕ್ಕಿಂತ ಮೊದಲ ಬಂದೆ. ಇವನ ಊರಾಗ ಕೈ ಹಾಕಿದೆ, ಓಣ್ಯಾಗ ಕೈ ಹಾಕಿದೆ, ಅಂಗಡ್ಯಾಗ ಕೈ ಹಾಕಿದೆ. ಕಡೀಕ ಇವನನ್ನ ಕೇಳಿದೆ. ಮ್ಯಾಲೂ ಸುಮಾರ, ತಳಾನೂ ಸುಮಾರ. ಮೋಸ ಇಲ್ಲ.”

ಹೀಗೆ ನನ್ನ ಮದುವೆಯಾಯಿತು. ಹೊಸದರಲ್ಲಿ ಒಂದು ದಿನ ಹೆಂಡತಿ ಮಾಡಿದ ಎಣ್ಣೆಗಾಯಿ ತಿಂದು ಪ್ರೀತಿಯಿಂದ, “ಭಾಳ ಚಲೋ ಆಗೈತಿ” ಎಂದೆ. ಅವಳು ಸೌಟು ಕೆಳಗಿಟ್ಟಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು, “ಏನ ಮಾಡಿ ಬಂದೀರಿ? ಖರೇ ಹೇಳ್ರಿ.”

ಎಷ್ಟೆಂದರೂ ಅಪ್ಪನ ಮಗಳು. ಅಂದಿನಿಂದ ಎಣ್ಣೆಗಾಯಿ ಎಷ್ಟೇ ರುಚಿಯಾಗಿರಲಿ, ನಾನು ತಾಟಿನಿಂದ ತಲೆ ಎತ್ತದೆ, “ಸುಮಾರ ಐತಿ” ಎನ್ನುತ್ತೇನೆ. ಅವಳ ಮುಖ ಅರಳುತ್ತದೆ, ಇನ್ನೊಂದು ಬದನೆಕಾಯಿ ನನ್ನ ತಾಟಿಗೆ ಬೀಳುತ್ತದೆ.